ಕಾಂತೀಯ ಅನಿಸೊಟ್ರೊಪಿ: ಪರಮಾಣು ಒಂಟಿಯಾದಾಗ

ಕೋಬಾಲ್ಟ್ ಲೋಹದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ಅದು ಎಲ್ಲ ದಿಕ್ಕಿಗೂ ಒಂದೇ ಸಲೀಸಿನಲ್ಲಿ ತಿರುಗುವುದಿಲ್ಲ. ಕೆಲವು ದಿಕ್ಕುಗಳು ಸುಲಭ, ಕೆಲವು ಕಷ್ಟ. ಸುಲಭದ ದಿಕ್ಕಿನಿಂದ ಕಷ್ಟದ ದಿಕ್ಕಿಗೆ ತಿರುಗಿಸಲು ತಗಲುವ ಶಕ್ತಿಯೇ ಕಾಂತೀಯ ಅನಿಸೊಟ್ರೊಪಿ ಶಕ್ತಿ. ಹಾರ್ಡ್ ಡಿಸ್ಕಿನಲ್ಲಿ ಬರೆದದ್ದು ತಾನಾಗಿ ಅಳಿಸಿಹೋಗದಿರುವುದು ಇದರ ಬಲದಿಂದ.

ಗಟ್ಟಿ ಕೋಬಾಲ್ಟಿನಲ್ಲಿ ಇದು ಪರಮಾಣುವೊಂದಕ್ಕೆ ಸುಮಾರು 0.045 ಮಿಲಿ ಎಲೆಕ್ಟ್ರಾನ್‌ವೋಲ್ಟ್ (ಪರಮಾಣು ಮಟ್ಟದ ಶಕ್ತಿಯನ್ನು ಅಳೆಯುವ ಪುಟ್ಟ ಮಾನ) ಮಾತ್ರ. ಕೋಣೆಯ ಬಿಸಿಯೇ ಸುಮಾರು 25 ಮಿಲಿ ಎಲೆಕ್ಟ್ರಾನ್‌ವೋಲ್ಟಿನಷ್ಟು ಅಲುಗಾಟ ಕೊಡುತ್ತದೆ. ಆದರೂ ಅಯಸ್ಕಾಂತ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಅಸಂಖ್ಯ ಪರಮಾಣುಗಳು ಒಟ್ಟಾಗಿ ತಿರುಗಬೇಕು. ಕಣವನ್ನು ಕಿರಿದು ಮಾಡುತ್ತ ಹೋದರೆ ಈ ಒಗ್ಗಟ್ಟಿನ ಬಲ ಕರಗಿ, ಬಿಸಿಯ ಹೊಡೆತಕ್ಕೆ ಅದರ ದಿಕ್ಕು ಅತ್ತಿತ್ತ ಹೊರಳತೊಡಗುತ್ತದೆ. ಹಾಗಾದರೆ ಒಂದೇ ಪರಮಾಣುವಿನ ಗತಿ?

2003ರಲ್ಲಿ ಪ್ಲಾಟಿನಮ್ ಮೇಲ್ಮೈಯ ಮೇಲೆ ಬಿಡಿಬಿಡಿಯಾಗಿ ಕೂತ ಕೋಬಾಲ್ಟ್ ಪರಮಾಣುಗಳನ್ನು ಅಳೆದಾಗ ಸಿಕ್ಕಿದ್ದು ಸುಮಾರು 9 ಮಿಲಿ ಎಲೆಕ್ಟ್ರಾನ್‌ವೋಲ್ಟ್, ಅಂದರೆ ಇನ್ನೂರು ಪಟ್ಟು! ಕಾರಣ ನೆರೆಹೊರೆಯಲ್ಲಿದೆ. ಗಟ್ಟಿ ಲೋಹದಲ್ಲಿ ಸುತ್ತಲಿನ ಪರಮಾಣುಗಳು ಎಲೆಕ್ಟ್ರಾನಿನ ಕಕ್ಷೆಯ ಚಲನೆಯಿಂದ ಹುಟ್ಟುವ ಕಾಂತತ್ವವನ್ನು ಬಹುಮಟ್ಟಿಗೆ ಅಡಗಿಸಿಬಿಡುತ್ತವೆ. ಮೇಲ್ಮೈಯಲ್ಲಿ ನೆರೆಯವರು ಕಡಿಮೆ, ಆದ್ದರಿಂದ ಅದು ಉಳಿದುಕೊಳ್ಳುತ್ತದೆ. ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದಕ್ಕೆ ಹುಟ್ಟಿನಿಂದಲೇ ಇರುವ ಕಾಂತ ಗುಣ, ಈ ಕಕ್ಷೆಗೆ ತಗುಲಿಕೊಂಡಿರುತ್ತದೆ; ಕಕ್ಷೆಯ ಮೂಲಕವೇ ಸ್ಪಿನ್ನಿಗೆ ದಿಕ್ಕಿನ ಹಟ ಬರುವುದು. ಪ್ಲಾಟಿನಮ್‌ನಂಥ ಭಾರದ ಲೋಹ ಆ ನಂಟನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಇದಕ್ಕೆ ಹಿಂದಿನ ವರ್ಷವೇ, ಪ್ಲಾಟಿನಮ್‌ನ ಮೆಟ್ಟಿಲಂಚುಗಳಿಗೆ ಒತ್ತಿ ಸಾಲುಗಟ್ಟಿದ ಒಂದೇ ಪರಮಾಣು ಅಗಲದ ಕೋಬಾಲ್ಟ್ ಸರಪಳಿಗಳು ಸುಮಾರು 15 ಕೆಲ್ವಿನ್‌ಗಿಂತ (ಸುಮಾರು ಮೈನಸ್ 258 ಡಿಗ್ರಿ ಸೆಲ್ಸಿಯಸ್) ಕೆಳಗೆ ತಮ್ಮ ದಿಕ್ಕನ್ನು ಹಿಡಿದಿಟ್ಟುಕೊಂಡದ್ದು ವರದಿಯಾಗಿತ್ತು.

ಇನ್ನು ಶಕ್ತಿಯನ್ನು ಏರಿಸುತ್ತ ಹೋದರೆ ಸಾಕೆನಿಸಬಹುದು. ಸಾಲದು. 2014ರಲ್ಲಿ ಮೆಗ್ನೀಸಿಯಮ್ ಆಕ್ಸೈಡ್ ಪದರದ ಮೇಲಿನ ಕೋಬಾಲ್ಟ್ ಪರಮಾಣುವಿಗೆ ಸುಮಾರು 58 ಮಿಲಿ ಎಲೆಕ್ಟ್ರಾನ್‌ವೋಲ್ಟ್ ದೊರೆಯಿತು. ಕಬ್ಬಿಣ, ಕೋಬಾಲ್ಟ್, ನಿಕ್ಕಲ್‌ಗಳ ಗುಂಪಿನ ಲೋಹಗಳಿಗೆ ಅದು ಬಹುತೇಕ ಗರಿಷ್ಠ ಮಿತಿ. ಅಷ್ಟಿದ್ದರೂ, ಕಡುಚಳಿಯಲ್ಲೂ, ಅದರ ಕಾಂತ ಸ್ಥಿತಿ ಒಂದು ಮಿಲಿಸೆಕೆಂಡಿನಷ್ಟೂ ಬಾಳಲಿಲ್ಲ. ಕ್ವಾಂಟಮ್ ಲೋಕದಲ್ಲಿ ಈ ಶಕ್ತಿಯ ಗುಡ್ಡ ಏರದೆ ಆಚೆ ಸೇರುವ ಅಡ್ಡದಾರಿಗಳಿವೆ. ಅವನ್ನು ಮುಚ್ಚಬೇಕಾದರೆ ಪರಮಾಣು ಕೂತ ಜಾಗದ ಸಮ್ಮಿತಿಯೂ ಸರಿಹೊಂದಬೇಕು. ಹೋಲ್ಮಿಯಮ್ ಎಂಬ ವಿರಳ ಲೋಹದ ಪರಮಾಣುವಿಗೆ ಅದೇ ಮೆಗ್ನೀಸಿಯಮ್ ಆಕ್ಸೈಡಿನ ಮೇಲೆ ಅಂಥ ಜಾಗ ಸಿಕ್ಕಿತು. 2017ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಒಂದೊಂದು ಹೋಲ್ಮಿಯಮ್ ಪರಮಾಣುವಿನಲ್ಲೂ ಒಂದೊಂದು ಬಿಟ್ ಬರೆದು ಓದಿದರು. ಕೆಲವೇ ಕೆಲ್ವಿನ್ ಚಳಿಯಲ್ಲಿ ಆ ಬಿಟ್ ಗಂಟೆಗಟ್ಟಲೆ ಉಳಿಯಿತು.