ಜಪ್ಪುವಿನ ಹಂಚಿನಿಂದ ಬೈಕಂಪಾಡಿಯ ಲೇತ್‌ವರೆಗೆ: ಕರಾವಳಿಯಲ್ಲಿ ಕೆಲಸ ಕಲಿಸಿದವರು ಯಾರು?

ಬೈಕಂಪಾಡಿ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳ ಮಾಲೀಕರನ್ನು ಮಾತಿಗೆಳೆದರೆ ಮೊದಲು ಕೇಳಿಬರುವ ದೂರು ಒಂದೇ: ಕೆಲಸ ಗೊತ್ತಿರುವ ಹುಡುಗರು ಸಿಗುತ್ತಿಲ್ಲ. ಮಂಗಳೂರು, ಉಡುಪಿಯ ಐಟಿಐ ಮುಗಿಸಿ ಹೊರಬಂದವರ ದೂರೂ ಒಂದೇ: ಅನುಭವ ಇಲ್ಲವೆಂದು ಯಾರೂ ಸೇರಿಸಿಕೊಳ್ಳುತ್ತಿಲ್ಲ. ಎರಡೂ ನಿಜ. ಕಲಿಯುವ ಜಾಗ ದುಡಿಯುವ ಜಾಗದಿಂದ ದೂರ ಸರಿದದ್ದೇ ಇದಕ್ಕೆ ಕಾರಣವೆಂದು ನಾನು ನಂಬಿದ್ದೇನೆ. ಅವೆರಡೂ ಒಂದೇ ಅಂಗಳದಲ್ಲಿದ್ದ ಕಾಲವನ್ನು ಈ ಊರುಗಳು ಕಂಡಿವೆ.

1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿಗೆ ಕಾರ್ಖಾನೆ ಕಟ್ಟುವ ಉದ್ದೇಶವೇನೂ ಇರಲಿಲ್ಲ. ಆದರೆ ಮತಾಂತರಗೊಂಡವರು ಮನೆ, ಜಾತಿ, ಕುಲಕಸುಬು ಮೂರನ್ನೂ ಕಳೆದುಕೊಂಡು ಬಂದಾಗ ಅವರ ಹೊಟ್ಟೆಪಾಡಿಗೆ ದಾರಿ ಹುಡುಕಲೇಬೇಕಾಯಿತು. 1841ರಲ್ಲಿ ಮುದ್ರಣಾಲಯ ಬಂತು, ಆಮೇಲೆ ನೇಯ್ಗೆ ಶಾಲೆ ಬೆಳೆಯಿತು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಹಂಚಿಗೆ ಹೇಳಿಮಾಡಿಸಿದಂತಿತ್ತು. ಮಣ್ಣು ಹದ ಮಾಡುವುದು, ಅಚ್ಚೊತ್ತುವುದು, ಒಲೆಯ ಕಾವು ಅಳೆಯುವುದು ಎಲ್ಲವನ್ನೂ ಜನ ಅಲ್ಲೇ ಕೂಲಿ ಪಡೆಯುತ್ತಾ ಕಲಿತರು. 1874ರಲ್ಲಿ ಯಂತ್ರಶಾಲೆಯೂ ಆರಂಭವಾಯಿತು. ಮಿಷನ್ನಿನ ಶಿಸ್ತು ಕಠಿಣವಾಗಿತ್ತು, ಆ ಕೆಲಸಕ್ಕೆ ಧರ್ಮದ ಚೌಕಟ್ಟೂ ಇತ್ತು; ಅದನ್ನು ಮರೆಮಾಚಬೇಕಿಲ್ಲ. ಆದರೂ ಕಲಿತ ಕೈಗಳು ಒಂದೇ ಕಾಂಪೌಂಡಿನೊಳಗೆ ಉಳಿಯುವಂಥವಲ್ಲ. 1868ರಲ್ಲೇ ಅಲ್ಬುಕರ್ಕ್ ಕುಟುಂಬದ ಹಂಚಿನ ಕಾರ್ಖಾನೆ ಶುರುವಾಯಿತು, ಮುಂದೆ ನದಿದಡದಲ್ಲಿ ಚಿಮಣಿಗಳ ಸಾಲೇ ಎದ್ದಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಆಸ್ತಿಯನ್ನು ಕಿತ್ತುಕೊಂಡಾಗ ಕಾರ್ಖಾನೆಯ ಒಡೆತನ ಬದಲಾಯಿತು. ಕಸುಬು ಊರಿನವರ ಕೈಯಲ್ಲೇ ಉಳಿಯಿತು.

ಎರಡನೆಯ ಎಳೆ ಉಡುಪಿಯದು. ಕೈಮಗ್ಗದ ನೇಕಾರರು ಸೋತು ಕುಳಿತಿದ್ದ ಹೊತ್ತಿನಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಬಂದ ಪಿಗ್ಮಿ ಠೇವಣಿಗೆ ದಿನಕ್ಕೆ ಎರಡಾಣೆ ಸಾಕಿತ್ತು. ಮನೆಬಾಗಿಲಿಗೆ ಬರುವ ಪಿಗ್ಮಿ ಸಂಗ್ರಾಹಕನಿಗೆ ಯಾವ ಅಂಗಡಿಯಲ್ಲಿ ವ್ಯಾಪಾರ ಹೇಗಿದೆ ಎಂಬುದು ಗೊತ್ತಿರುತ್ತಿತ್ತು. ಸಣ್ಣ ಉದ್ಯಮಕ್ಕೆ ಸಾಲ ಕೊಡುವವನಿಗೆ ಬೇಕಾದ ತಿಳಿವಳಿಕೆ ಅದು, ಅರ್ಜಿ ನಮೂನೆಯಲ್ಲಿ ಸಿಗುವಂಥದಲ್ಲ.

ಈ ಎರಡು ಎಳೆಗಳು ಹೆಣೆದುಕೊಂಡದ್ದು ಉಜಿರೆಯಲ್ಲಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಅಲ್ಲಿನ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ 1982ರಲ್ಲಿ ಗ್ರಾಮೀಣ ಯುವಕರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯನ್ನು ಹುಟ್ಟುಹಾಕಿದವು. ಹೊಲಿಗೆ, ಬೈಕ್ ರಿಪೇರಿ, ಹೈನುಗಾರಿಕೆಯಂಥ ಕಸುಬುಗಳಿಗೆ ಕೆಲವೇ ವಾರಗಳ ತರಬೇತಿ. ಊಟ, ವಸತಿ ಸಹಿತ ಎಲ್ಲವೂ ಉಚಿತ. ಇದರಲ್ಲಿ ಹೊಸದೇನಿತ್ತು? ಶಿಬಿರ ಮುಗಿದ ಮೇಲೂ ಸಂಸ್ಥೆ ಕಲಿತವರ ಬೆನ್ನು ಬಿಡುತ್ತಿರಲಿಲ್ಲ. ಅಂಗಡಿ ತೆರೆದಿದ್ದಾರೆಯೇ, ಬ್ಯಾಂಕ್ ಸಾಲ ಸಿಕ್ಕಿದೆಯೇ, ಎಲ್ಲಿ ತೊಡಕಾಗಿದೆ ಎಂದು ವಿಚಾರಿಸುವುದೂ ತರಬೇತಿಯ ಭಾಗವೇ ಆಗಿತ್ತು. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಪ್ರತಿ ಜಿಲ್ಲೆಯಲ್ಲೂ ಇಂಥ ಸಂಸ್ಥೆ ಇರಬೇಕೆಂದು ಹೊರಟಾಗ ಮಾದರಿಯಾಗಿ ಇಟ್ಟುಕೊಂಡದ್ದು ಉಜಿರೆಯನ್ನೇ. ತರಬೇತಿಯ ನಂತರ ಎರಡು ವರ್ಷ ಬೆಂಬಲಕ್ಕೆ ನಿಲ್ಲಬೇಕೆಂಬುದೂ ಆ ವ್ಯವಸ್ಥೆಯೊಳಗೆ ಸೇರಿತು. ಉಡುಪಿ ಜಿಲ್ಲೆಯವರಿಗೆ ಬ್ರಹ್ಮಾವರದಲ್ಲೇ ರುಡ್‌ಸೆಟ್ ಇದೆ. ಕರಾವಳಿ ದೇಶಕ್ಕೆ ಕೊಟ್ಟದ್ದರಲ್ಲಿ ನಾನು ಬಹಳ ಹೆಮ್ಮೆಪಡುವ ಸಂಗತಿ ಇದು.

ಆದರೆ ರುಡ್‌ಸೆಟ್ ರೂಪಿಸುವುದು ಮಾಲೀಕರನ್ನು. ಬ್ರಹ್ಮಾವರದಲ್ಲಿ ಕಲಿತು ಗ್ಯಾರೇಜ್ ತೆರೆದ ಹುಡುಗನಿಗೆ ನಾಲ್ಕು ವರ್ಷದಲ್ಲಿ ಗಿರಾಕಿಗಳು ಹೆಚ್ಚಿದರೆ ಇನ್ನಿಬ್ಬರು ಕೆಲಸಗಾರರು ಬೇಕಾಗುತ್ತಾರೆ. ಅವರನ್ನು ತಯಾರು ಮಾಡುವವರು ಯಾರು? ಸರ್ಕಾರದ ದಾರಿ ಬೇರೆಯೇ ಇತ್ತು: 1959ರ ಕಾಯ್ದೆಯ ಪ್ರಕಾರ 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕಿತ್ತು. ಐದಾರು ಜನರ ವರ್ಕ್‌ಶಾಪಿಗೂ ಅದಕ್ಕೂ ಸಂಬಂಧವಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನವಮಂಗಳೂರು ಬಂದರು, ಆಮೇಲೆ ದೊಡ್ಡ ಕಾರ್ಖಾನೆಗಳು ಬಂದವು, ಅದರ ಬೆನ್ನಿಗೇ ಗಲ್ಫ್ ಬಾಗಿಲು ತೆರೆಯಿತು. ವೆಲ್ಡಿಂಗ್ ಕಲಿತು ಕೈ ಪಳಗಿದೊಡನೆ ಹುಡುಗ ವಿಮಾನ ಹತ್ತಿದ. ಅವನನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ, ಹೆಚ್ಚು ಸಂಬಳ ಕಂಡಲ್ಲಿಗೆ ಹೋದ. ಆದರೆ ಅವನಿಗೆ ಕಲಿಸಿದ ಖರ್ಚೆಲ್ಲ ಸಣ್ಣ ವರ್ಕ್‌ಶಾಪಿನ ಮೇಲೇ ಬಿತ್ತು. ಎರಡು ಸಲ ಹೀಗಾದ ಮೇಲೆ ಮೂರನೆಯವನಿಗೆ ಕಲಿಸುವ ಉಮೇದು ಮಾಲೀಕನಿಗೆ ಎಲ್ಲಿಂದ ಬರಬೇಕು?

ಆ ಖರ್ಚನ್ನು ಹಂಚಿಕೊಳ್ಳುವ ದಾರಿ ಕಾನೂನಿನಲ್ಲಿದೆ. ಅದು ದುಡಿಯುವ ಜಾಗದಲ್ಲೇ ಕೆಲಸ ಕಲಿಯುವವರಿಗಾಗಿ ಇರುವ 1961ರ ಅಪ್ರೆಂಟಿಸ್ ಕಾಯ್ದೆ. 2019ರ ತಿದ್ದುಪಡಿಯ ನಂತರ 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವವರು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಕೇಂದ್ರ ಸರ್ಕಾರ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಭರಿಸುತ್ತದೆ. ನಾಲ್ಕು ಜನರ ಬೇಕರಿಯೂ ಇದರ ವ್ಯಾಪ್ತಿಗೆ ಬರಬಹುದು. ಬಾರದಿರುವುದಕ್ಕೆ ಕಾರಣ ಸೋಮಾರಿತನವಲ್ಲ. ಪೋರ್ಟಲಿನಲ್ಲಿ ನೋಂದಣಿ, ಕರಾರು, ಪ್ರತಿ ತಿಂಗಳ ದಾಖಲೆ ಇದನ್ನೆಲ್ಲ ನೋಡಿಕೊಳ್ಳಲು ಬೇಕರಿಯಲ್ಲಿ ಪ್ರತ್ಯೇಕ ಗುಮಾಸ್ತನಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಬೇಕೆಂದೇ ನೋಡದಂತಿದ್ದೇವೆ. ಇಂದು ಮಲ್ಪೆಯ ದೋಣಿಗಳಲ್ಲಿ, ಮಂಗಳೂರಿನ ಕಟ್ಟಡಗಳಲ್ಲಿ, ಹೋಟೆಲುಗಳ ಅಡುಗೆಮನೆಗಳಲ್ಲಿ ದುಡಿಯುತ್ತಿರುವವರಲ್ಲಿ ಬಹಳ ಮಂದಿ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಮಿನವರು. ಜಿಲ್ಲೆಯ ತರಬೇತಿ ಯೋಜನೆಗಳ ಕಣ್ಣಿರುವುದು ಜಿಲ್ಲೆಯ ಯುವಕರ ಮೇಲೆ. ಮೊದಲೇ ಬಲ್ಲ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇದೆ. ಹತ್ತು ವರ್ಷ ಇಲ್ಲೇ ಗಾರೆ ಕೆಲಸ ಮಾಡಿದವನಿಗೆ ಅದನ್ನು ತಲುಪಿಸಿದರೆ ಅವನ ಕೂಲಿಯೂ ಏರುತ್ತದೆ, ಕೆಲಸ ಕೊಡುವವನಿಗೂ ಭರವಸೆ ಬರುತ್ತದೆ.

ದೋಣಿ ಕಟ್ಟುವವರು, ಬಲೆ ಹೆಣೆಯುವವರು, ಅಕ್ಕಸಾಲಿಗರು, ಕಮ್ಮಾರರು 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿದ್ದಾರೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ, ಶೇ. 5ರ ಬಡ್ಡಿಯಲ್ಲಿ ಸಾಲ. ಒಳ್ಳೆಯದೇ. ಆದರೆ ವಾರದ ತರಬೇತಿ ಕೈಗೆ ಹೊಳಪು ಕೊಡಬಲ್ಲದು, ಹೊಸ ಕೈಯನ್ನು ತಯಾರು ಮಾಡಲಾರದು.

ಹೊಸ ಕೈ ತಯಾರಾಗಬೇಕಾದರೆ ಬೈಕಂಪಾಡಿಯ ಸಣ್ಣ ಘಟಕಗಳು ಒಂದಾಗಬೇಕು. ಹಲವು ಉದ್ಯೋಗದಾತರು ಕೂಡಿ, ಅಪ್ರೆಂಟಿಸ್‌ನನ್ನು ಒಬ್ಬರ ಘಟಕದಿಂದ ಇನ್ನೊಬ್ಬರ ಘಟಕಕ್ಕೆ ಕಳುಹಿಸುತ್ತಾ ಕಲಿಸಲು ಅಪ್ರೆಂಟಿಸ್ ಕಾಯ್ದೆಯಲ್ಲೇ ಅವಕಾಶವಿದೆ. ಒಬ್ಬರಲ್ಲಿ ಲೇತ್, ಮತ್ತೊಬ್ಬರಲ್ಲಿ ವೆಲ್ಡಿಂಗ್, ಮಗದೊಬ್ಬರಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಕಲಿತ ಹುಡುಗಿಯೋ ಹುಡುಗನೋ ವರ್ಷದ ಕೊನೆಗೆ ಇವರಲ್ಲಿ ಯಾರ ಬಳಿ ಬೇಕಾದರೂ ಕೆಲಸಕ್ಕೆ ನಿಲ್ಲಬಹುದು. ಕಾಗದಪತ್ರದ ಕೆಲಸಕ್ಕೆ ಸಣ್ಣ ಕೈಗಾರಿಕೆಗಳ ಸಂಘ ಒಬ್ಬ ಗುಮಾಸ್ತನನ್ನು ನೇಮಿಸಿಕೊಂಡರೆ ಸಾಕು, ಅವನ ಸಂಬಳ ಇಪ್ಪತ್ತು ಘಟಕಗಳ ನಡುವೆ ಹಂಚಿಹೋಗುತ್ತದೆ.