ಟೌನ್‌ಶಿಪ್ ಅಂದರೆ ಬಡಾವಣೆ ಅಲ್ಲ

ಅಮೆರಿಕಕ್ಕೆ ವಲಸೆ ಹೋದ ರೈತರು ‘ಟೌನ್‌ಶಿಪ್ ಬಡಾವಣೆಯಲ್ಲಿ ನೆಲೆಸಿದರು’ ಅಂತ ಮೊನ್ನೆ ಮತ್ತೆ ಓದಿದೆ. ಎಷ್ಟನೇ ಸಲವೋ! ಕಾರ್ಖಾನೆಯ ಕ್ವಾರ್ಟರ್ಸ್‌ಗೂ ಬಿಲ್ಡರ್‌ಗಳ ಲೇಔಟ್‌ಗೂ ನಾವು ಟೌನ್‌ಶಿಪ್ ಅನ್ನುತ್ತೇವೆ, ಸರಿ. ಆದರೆ ಅಮೆರಿಕದ ನಡುವಿನ ಬಡಗಣ ರಾಜ್ಯಗಳಲ್ಲಿ, ಅಂದರೆ ಮಿಡ್‌ವೆಸ್ಟ್‌ನಲ್ಲಿ, ಅದು ಮೊದಲಿಗೆ ಸರ್ವೆಯ ಮಾತು. ಒಂದೂ ಮನೆ ಇಲ್ಲದ ಕಡೆಯೂ ಟೌನ್‌ಶಿಪ್ ಇರುತ್ತದೆ.

ಅಮೆರಿಕದ 1785ರ ಭೂ ಕಾನೂನಿನ ಪ್ರಕಾರ ಅದು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ. ಅದರೊಳಗೆ 36 ಸೆಕ್ಷನ್, ಒಂದೊಂದೂ 640 ಎಕರೆ. 16ನೆಯದು ಶಾಲೆಗಳ ಖರ್ಚಿಗೆ ಮೀಸಲು. ಆಮೇಲೆ ಬಂದ ನಂಬರಿನ ಕ್ರಮ ನನಗೆ ತುಂಬ ಇಷ್ಟ. ಈಶಾನ್ಯ ಮೂಲೆಯಿಂದ ಪಡುವಣಕ್ಕೆ ಆರು, ಒಂದು ಸಾಲು ಕೆಳಗಿಳಿದು ಮೂಡಣಕ್ಕೆ ಆರು, ಬದುವಿನ ಹತ್ತಿರ ಎತ್ತು ತಿರುಗಿಸಿದ ಹಾಗೆ. ಅಳೆದದ್ದು 66 ಅಡಿಯ ಸರಪಳಿಯಲ್ಲಿ. ನಮ್ಮ ಗುಂಟೆ 33 ಅಡಿ ಚೌಕ ಅಲ್ವಾ? ಅವರ ಒಂದು ಸರಪಳಿ ಚೌಕದಲ್ಲಿ ನಮ್ಮ ನಾಲ್ಕು ಗುಂಟೆ ಕರಾರುವಾಕ್ಕಾಗಿ ಕೂರುತ್ತವೆ.

ಪದದ ಹುಟ್ಟು ಇನ್ನೂ ಚೆಂದ. ಹಳೆಯ ಇಂಗ್ಲಿಷಿನ ‘ಟೂನ್’ ಅಂದರೆ ಬೇಲಿ ಹಾಕಿದ ಜಾಗ. ಅದೇ ಬಳಗದ ಜರ್ಮನ್ ಪದ ‘ತ್ಸೌನ್’ಗೆ ಇವತ್ತಿಗೂ ಬೇಲಿ ಅಂತಲೇ ಅರ್ಥ. ಬೇಲಿಯೊಳಗಿನ ಜಾಗ ಬೆಳೆದು ಊರಾಯಿತು. ನಮ್ಮ ‘ಹಟ್ಟಿ’ ನೋಡಿ. ದನ ಕಟ್ಟುವ ಜಾಗವೂ ಹಟ್ಟಿ, ಜನ ಬಾಳುವ ಗೊಲ್ಲರಹಟ್ಟಿಯೂ ಹಟ್ಟಿ. ‘ಟೂನ್‌ಶಿಪೆ’ ಅಂದರೆ ಆ ಊರಿನ ಜನ. ಜನಕ್ಕಿದ್ದ ಹೆಸರು ಕೊನೆಗೆ ಖಾಲಿ ನೆಲದ ಚೌಕಕ್ಕೆ ಬಂತು.

ಮಿಡ್‌ವೆಸ್ಟ್‌ನ ವಿಸ್ಕಾನ್ಸಿನ್ ರಾಜ್ಯದ ನ್ಯೂ ಗ್ಲಾರಸ್ ನೋಡಿದರೆ ಗೊಂದಲ ಬಿಡುತ್ತದೆ. ಸ್ವಿಟ್ಜರ್ಲೆಂಡಿನ ಗ್ಲಾರಸ್‌ನಲ್ಲಿ ಹೊಟ್ಟೆ ತುಂಬದೆ ಹೊರಟ ಜನ ಕಟ್ಟಿದ ಊರು ಅದು. ಮುಂಚೆಯೇ ಹೋಗಿದ್ದ ಇಬ್ಬರು 1,200 ಎಕರೆ ಕೊಂಡಿಟ್ಟಿದ್ದರು. ಅಂದರೆ ಎರಡು ಸೆಕ್ಷನ್‌ಗೆ ತುಸು ಕಡಿಮೆ. 1845ರ ಆಗಸ್ಟ್‌ನಲ್ಲಿ 108 ಜನ ಬಂದು ಸೇರಿದರು. ಚೀಟಿ ಎತ್ತಿ ಕುಟುಂಬಕ್ಕೆ 20 ಎಕರೆಯಂತೆ ಹಂಚಿಕೊಂಡರು. ಮೊದಲು ಗೋಧಿ, ಆಮೇಲೆ ಹಸು ಮತ್ತು ಚೀಸ್. 1901ರಲ್ಲಿ ಊರು ತನ್ನದೇ ಆಡಳಿತದ ‘ವಿಲೇಜ್’ ಆಯಿತು. ಸುತ್ತಲಿನ ಟೌನ್‌ಶಿಪ್ ಚೌಕಕ್ಕೆ ಅಲ್ಲಿ ‘ಟೌನ್’ ಅನ್ನುತ್ತಾರೆ. ಇವತ್ತಿಗೂ ನ್ಯೂ ಗ್ಲಾರಸ್ ವಿಲೇಜ್ ಬೇರೆ, ನ್ಯೂ ಗ್ಲಾರಸ್ ಟೌನ್ ಬೇರೆ. ಅಂಗಡಿ ಬೀದಿ ಇರುವುದು ವಿಲೇಜ್‌ನಲ್ಲಿ, ಹೊಲ ಕೊಟ್ಟಿಗೆ ಇರುವುದು ಟೌನ್‌ನಲ್ಲಿ! ಸುಮ್ನೆ ‘ಪಟ್ಟಣ’ ಅಂತ ಬರೆದುಬಿಟ್ಟರೆ ಅರ್ಥವೇ ತಲೆಕೆಳಗು.

ಹಾಗಾದರೆ ಕನ್ನಡದಲ್ಲಿ ಟೌನ್‌ಶಿಪ್‌ಗೆ ಹೋಬಳಿ ಅನ್ನಬಹುದಾ? ಅದೂ ಒಗ್ಗುವುದಿಲ್ಲ. ಮೊದಲೇ ಇದ್ದ ಹಳ್ಳಿಗಳನ್ನು ಸೇರಿಸಿ ಹೋಬಳಿ ಮಾಡುತ್ತಾರೆ. ಅಮೆರಿಕದಲ್ಲಿ ಗೆರೆ ಮೊದಲು ಬಿತ್ತು, ಊರು ಆಮೇಲೆ ಬಂತು. ನಾನಂತೂ ‘ಆರು ಮೈಲಿ ಚೌಕ’ ಅಂತಲೇ ಬರೆಯುತ್ತೇನೆ.