ಕ್ರಿಸ್‌ಮಸ್ ರಜೆಗೆ ಗುಲ್ಮಾರ್ಗ್‌ಗೆ ಹೋದರೆ ಹಿಮ ಸಿಗುತ್ತಾ?

ಪ್ರಶ್ನೆ: ಮಕ್ಕಳ ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಎರಡು ದಿನ ಸ್ಕೀಯಿಂಗ್ ಕಲಿಯುವ ಆಸೆ ಇದೆ. ಆ ಹೊತ್ತಿಗೆ ಹಿಮ ಇರುತ್ತಾ?

ಉತ್ತರ: ಇದ್ದರೂ ಇರಬಹುದು, ನೆಚ್ಚಿಕೊಂಡು ಹೋಗುವ ಹಾಗಿಲ್ಲ. ಸ್ಕೀಯಿಂಗೇ ಮುಖ್ಯ ಅಂದರೆ ಜನವರಿ ಕೊನೆಯಿಂದ ಫೆಬ್ರವರಿ ಕೊನೆಯವರೆಗಿನ ದಿನಗಳು ವಾಸಿ.

ಚಳಿ ಜಾಸ್ತಿಯಾದರೆ ಹಿಮವೂ ಜಾಸ್ತಿ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಬರೀ ಚಳಿ ಸಾಲದು, ಗಾಳಿಯಲ್ಲಿ ತೇವವೂ ಬೇಕು. ಚಳಿಗಾಲದಲ್ಲಿ ಕಾಶ್ಮೀರಕ್ಕೆ ಆ ತೇವ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ ಇರಾನ್, ಅಫ್ಘಾನಿಸ್ತಾನದ ಮೇಲೆ ಹಾದು ಬರುವ ವಾಯುಭಾರ ಕುಸಿತಗಳಿವು. ಇವು ತಂದ ತೇವದ ಗಾಳಿ ಪೀರ್ ಪಂಜಾಲ್ ಬೆಟ್ಟಸಾಲಿಗೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಹಿಮ ಸುರಿಸುತ್ತದೆ. ಗುಲ್ಮಾರ್ಗ್ ಇರುವುದು ಇದೇ ಸಾಲಿನಲ್ಲಿ. ಇವು ಬರದಿದ್ದರೆ ಆಕಾಶ ತಿಳಿಯಾಗಿರುತ್ತದೆ. ನೆಲದ ಶಾಖವೆಲ್ಲ ರಾತ್ರಿ ಮೇಲಕ್ಕೆ ಹೋಗಿ ಚಳಿ ಮೈ ಕೊರೆಯುತ್ತದೆ. ಹಿಮ ಮಾತ್ರ ಇಲ್ಲ.

ಡಿಸೆಂಬರ್ 21ರಿಂದ 40 ದಿನಗಳನ್ನು ಕಾಶ್ಮೀರಿಗಳು ಚಿಲ್ಲಾಯ್ ಕಲಾನ್ ಅನ್ನುತ್ತಾರೆ. ಅಲ್ಲಿನ ಕಡು ಚಳಿಯ ಕಾಲ ಅದು. ನಿಮ್ಮ ರಜೆ ಅದರ ಬಾಗಿಲಲ್ಲೇ ಬರುತ್ತದೆ. ಆದರೆ ಆ 40 ದಿನಗಳೂ ಕೈಕೊಡುವುದುಂಟು. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ಒಣಹುಲ್ಲು ಕಾಣುತ್ತಿತ್ತು. ಹೇಳಿಕೊಳ್ಳುವಂಥ ಹಿಮ ಬಿದ್ದದ್ದು ತಿಂಗಳ ಕೊನೆಗೆ. 2025ರಲ್ಲಂತೂ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು. ಹಾಗಾಗಿ ಫೆಬ್ರವರಿ ಅಂದರೂ ಗ್ಯಾರಂಟಿ ಕೊಡಲಾರೆ.

ಇನ್ನೊಂದು ವಿಷಯ ಎತ್ತರದ್ದು. ಗುಲ್ಮಾರ್ಗ್‌ನ ಬಯಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ (ಬೆಟ್ಟ ಹತ್ತಿಸುವ ಕೇಬಲ್ ಕಾರ್) ಮೊದಲ ಹಂತ ಕೊಂಗ್‌ಡೂರಿಗೆ, ಎರಡನೆಯದು ಅಫರ್ವಟ್ ಬೆಟ್ಟದ ಮೇಲೆ ಹೆಚ್ಚುಕಡಿಮೆ 3,950 ಮೀಟರ್‌ಗೆ ಒಯ್ಯುತ್ತದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಂಪು. ಅಂದರೆ ಕೆಳಗೂ ಮೇಲೂ ಎಂಟು ಡಿಗ್ರಿ ವ್ಯತ್ಯಾಸ. ಕೆಳಗೆ ಮಳೆ ಹನಿಯುವಾಗ ಮೇಲೆ ಹಿಮ ಬೀಳುತ್ತಿರಬಹುದು. 'ಗುಲ್ಮಾರ್ಗ್‌ನಲ್ಲಿ ಭಾರಿ ಹಿಮ' ಎಂಬ ವಿಡಿಯೋ ನೋಡಿದರೆ, ಅದು ಯಾವ ಎತ್ತರದ್ದು ಅಂತ ಕೇಳಿ. ಹೊಸಬರು ಕಲಿಯುವುದು ಕೆಳಗಿನ ಬಯಲಿನ ಇಳಿಜಾರಿನಲ್ಲಿ. ನಿಮಗೆ ಬೇಕಾದದ್ದು ಅಲ್ಲಿನ ಹಿಮ. ಅಫರ್ವಟ್ ಬಿಳಿಯಾಗಿದ್ದರೂ ಕಲಿಯುವವರಿಗೆ ಪ್ರಯೋಜನವಿಲ್ಲ.

ಮೇಲಿನ ಇಳಿಜಾರುಗಳು ಪಳಗಿದವರಿಗೆ, ಅವರಿಗೂ ಅಪಾಯವೇ. ಹೊಸ ಹಿಮ ದಪ್ಪಗೆ ಬಿದ್ದ ಬೆನ್ನಿಗೇ ಹಿಮಕುಸಿತದ ಭಯ ಜಾಸ್ತಿ. ಹಳೆಯ ಪದರಕ್ಕೆ ಹೊಸದು ಇನ್ನೂ ಅಂಟಿರುವುದಿಲ್ಲ, ಗಾಳಿ ಬೇರೆ ಒಂದೇ ಕಡೆ ರಾಶಿ ಹಾಕಿರುತ್ತದೆ. 2023ರ ಫೆಬ್ರವರಿಯಲ್ಲಿ ಪೋಲೆಂಡ್‌ನ ಇಬ್ಬರು, ಮರುವರ್ಷ ಅದೇ ತಿಂಗಳು ರಷ್ಯಾದ ಒಬ್ಬರು ಸ್ಕೀಯರ್‌ಗಳು ಹೀಗೆ ಸತ್ತರು. ಹಗ್ಗ ಕಟ್ಟಿ ಮುಚ್ಚಿದ ಜಾಗಕ್ಕೆ ಸುಮ್ನೆ ಫೋಟೋಗೆಂದೂ ಹೋಗಬೇಡಿ.

ರಜೆ ಬದಲಿಸಲು ಆಗದಿದ್ದರೆ, ರದ್ದು ಮಾಡಬಹುದಾದ ಹೋಟೆಲ್ ಹಿಡಿಯಿರಿ. ಹೊರಡುವ ನಾಲ್ಕೈದು ದಿನ ಮುಂಚೆ ಶ್ರೀನಗರದ ಹವಾಮಾನ ಕೇಂದ್ರದ ಮುನ್ಸೂಚನೆ ನೋಡಿ. ತಾಪಮಾನ ಬಿಟ್ಟು, ವೆಸ್ಟರ್ನ್ ಡಿಸ್ಟರ್ಬೆನ್ಸ್ ಬರುತ್ತಿದೆಯೇ ಅಂತ ಹುಡುಕಿ. ಗಾಳಿ ಜೋರಾದರೆ ಗೊಂಡೋಲಾ ನಿಲ್ಲಿಸುತ್ತಾರೆ, ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಹಿಮ ಜೋರಾದ ದಿನ ಶ್ರೀನಗರದಿಂದ ವಿಮಾನವೂ ಹೊರಡದೆ ಹೋಗಬಹುದು. ಶಾಲೆ ಶುರುವಾಗುವ ಹಿಂದಿನ ದಿನಕ್ಕೆ ವಾಪಸ್ ಟಿಕೆಟ್ ಬೇಡ.